ಗೊಂಬೆಗಾರನ ಉಳಿ, ಮಾದರಿ ವಿಮಾನದ ರೆಕ್ಕೆ

ಗೋಕಾಕ ಎಂದೊಡನೆ ಹೊರಗಿನವರ ಕಣ್ಣಿಗೆ ಕಟ್ಟುವುದು ಘಟಪ್ರಭೆಯ ಜಲಪಾತ. ನಾಲಿಗೆಗೆ ನೆನಪಾಗುವುದು ಕರದಂಟು. ಈ ಊರಿಗೆ ಮೂರನೆಯ ಹೆಸರೊಂದಿದೆ. ಹೊಸ ತಲೆಮಾರಿಗೆ ಅದರ ಪರಿಚಯ ಕಡಿಮೆ. ಅದು ಗೋಕಾಕದ ಗೊಂಬೆ. ಹಗುರವಾದ ಕಟ್ಟಿಗೆಯಿಂದಲೂ, ಊರಿನ ಆಸುಪಾಸಿನಲ್ಲೇ ಸಿಗುವ ಒಂದು ಬಗೆಯ ಮಣ್ಣಿನಿಂದಲೂ ಇಲ್ಲಿ ಗೊಂಬೆಗಳು ತಯಾರಾಗುತ್ತವೆಂದು ಬ್ರಿಟಿಷರ ಕಾಲದ ಗೆಜೆಟಿಯರುಗಳು ದಾಖಲಿಸಿವೆ. ಜೀನಗಾರ ಮನೆತನಗಳ ಕೈಯಲ್ಲಿ ಬೆಳೆದ ಈ ಕಸುಬಿನಲ್ಲಿ ದೇವರ ಮೂರ್ತಿಗಳ ಜೊತೆಗೆ ಮಾವು, ಬಾಳೆ, ಬದನೆಯಂಥ ಹಣ್ಣು-ಕಾಯಿಗಳ ಮಾದರಿಗಳೂ, ಹಕ್ಕಿ-ಪ್ರಾಣಿಗಳೂ ಮೂಡಿಬಂದವು. ಜೀನಗಾರ ಎಂಬ ಹೆಸರು ಬಂದದ್ದು ಕುದುರೆಯ ಜೀನಿನಿಂದ. ತೊಗಲಿನ ಕೆಲಸ, ಬಣ್ಣದ ಕೆಲಸ, ಕಟ್ಟಿಗೆಯ ಕೆಲಸ ಎಲ್ಲಕ್ಕೂ ಪಳಗಿದ ಕೈ ಅದು.

ಇದಕ್ಕೂ ಮಾದರಿ ವಿಮಾನಕ್ಕೂ ಏನು ಸಂಬಂಧ ಎಂದು ಯಾರಿಗಾದರೂ ಅನ್ನಿಸಬಹುದು. ಪೆಟ್ಟಿಗೆಯಲ್ಲಿ ಬಿಡಿಭಾಗಗಳ ರೂಪದಲ್ಲಿ ಬರುವ ‘ಕಿಟ್’ ತಂದು, ಮನೆಯಲ್ಲೇ ಜೋಡಿಸಿ ಪುಟ್ಟ ವಿಮಾನ ಕಟ್ಟುವ ಹವ್ಯಾಸ ಪಶ್ಚಿಮದ ದೇಶಗಳಲ್ಲಿ ನೂರು ವರ್ಷಗಳಷ್ಟು ಹಳೆಯದು. ನಮ್ಮಲ್ಲಿಯೂ ಎನ್.ಸಿ.ಸಿ. ವಾಯುದಳದ ವಿದ್ಯಾರ್ಥಿಗಳಿಗೆ ಅದು ತರಬೇತಿಯ ಒಂದು ಭಾಗ. ಅದಕ್ಕೆ ಬೇಕಾದ ಸಾಮಾನುಗಳ ಪಟ್ಟಿ ಮಾಡಿದರೆ ಹಗುರ ಕಟ್ಟಿಗೆ, ಹರಿತವಾದ ಅಲಗು, ಅರ, ಉಜ್ಜುವ ಕಾಗದ, ಅಂಟು, ಸಂದು ತುಂಬುವ ಲೇಪ, ಬಣ್ಣ, ಕುಂಚ ಎಂದಾಗುತ್ತದೆ. ಇದೇ ಪಟ್ಟಿಯನ್ನು ಹೆಸರು ಹೇಳದೆ ಗೊಂಬೆಗಾರನ ಮುಂದೆ ಓದಿದರೆ, ಅವನು ತನ್ನ ಕೈಚೀಲದ ಲೆಕ್ಕವೆಂದೇ ತಿಳಿದಾನು. ಎರಡೂ ಒಂದೇ ಮನೆತನದ ವಿದ್ಯೆ. ಒಂದನ್ನು ಅರಿತರೆ ಇನ್ನೊಂದರ ಗುಟ್ಟು ತಾನಾಗಿ ಬಿಚ್ಚಿಕೊಳ್ಳುತ್ತದೆ.

ಹಗುರ ಕಟ್ಟಿಗೆಯ ಗುಟ್ಟು

ಮಾದರಿ ವಿಮಾನಕ್ಕೆ ಬಳಸುವ ಪ್ರಸಿದ್ಧ ಕಟ್ಟಿಗೆ ಬಾಲ್ಸಾ. ಇದು ದಕ್ಷಿಣ ಅಮೆರಿಕದ ಮರ. ಜಗತ್ತಿಗೆ ಹೆಚ್ಚಾಗಿ ಒದಗುವುದು ಎಕ್ವಡಾರ್ ದೇಶದಿಂದ. ಒಂದು ಘನ ಮೀಟರ್ ಸಾಗುವಾನಿ ಸುಮಾರು 650 ಕಿಲೋ ತೂಗಿದರೆ, ಅಷ್ಟೇ ಗಾತ್ರದ ಬಾಲ್ಸಾ ತೂಗುವುದು ಸುಮಾರು 160 ಕಿಲೋ. ಮರ ಬಲುಬೇಗ ಬೆಳೆಯುತ್ತದೆ; ಆರೆಂಟು ವರ್ಷಗಳಲ್ಲೇ ಕಡಿಯಲು ಬರುತ್ತದೆ. ದೊಡ್ಡ ದೊಡ್ಡ ಜೀವಕೋಶಗಳಲ್ಲಿ ತುಂಬಿಕೊಂಡಿದ್ದ ನೀರು ಒಣಗಿದ ಮೇಲೆ ಉಳಿಯುವುದು ತೆಳು ಗೋಡೆಗಳ ಗೂಡು. ಆದ್ದರಿಂದಲೇ ಅದು ಹಗುರ. ತೂಕಕ್ಕೆ ಹೋಲಿಸಿದರೆ ಗಟ್ಟಿ. 1947ರಲ್ಲಿ ನಾರ್ವೆಯ ಥಾರ್ ಹೆಯರ್ಡಾಲ್ ಮತ್ತು ಸಂಗಡಿಗರು ‘ಕಾನ್-ಟಿಕಿ’ ಎಂಬ ತೆಪ್ಪದಲ್ಲಿ ಪೆರುವಿನಿಂದ 101 ದಿನ ಪೆಸಿಫಿಕ್ ಸಾಗರದಲ್ಲಿ ಸಾಗಿ ಪಾಲಿನೇಷ್ಯಾ ಮುಟ್ಟಿದ್ದು ಇದೇ ಮರದ ದಿಮ್ಮಿಗಳ ಮೇಲೆ. ಎರಡನೆಯ ಮಹಾಯುದ್ಧದಲ್ಲಿ ಹೆಸರು ಮಾಡಿದ ಬ್ರಿಟನ್ನಿನ ‘ಮಾಸ್ಕಿಟೊ’ ವಿಮಾನದ ಒಡಲಿನಲ್ಲಿ ಇದ್ದದ್ದೂ ಎರಡು ತೆಳು ಹಲಗೆಗಳ ನಡುವಿನ ಬಾಲ್ಸಾ ಪದರ.

ನಮ್ಮ ಕಡೆಯ ಗೊಂಬೆಗಾರರು ಬಾಲ್ಸಾ ಕಂಡವರಲ್ಲ. ಆದರೆ ಹಗುರ ಕಟ್ಟಿಗೆಯ ಮರ್ಮ ಅವರಿಗೆ ತಿಳಿದಿತ್ತು. ಕೊಪ್ಪಳ ಜಿಲ್ಲೆಯ ಕಿನ್ನಾಳದ ಚಿತ್ರಗಾರರು ಆರಿಸಿಕೊಂಡದ್ದು ಪೊಲ್ಕಿ ಮರ. ಆಂಧ್ರದ ಕೊಂಡಪಲ್ಲಿಯಲ್ಲಿ ‘ತೆಲ್ಲ ಪೊಣಿಕಿ’ ಎಂಬುದರ ಬಳಕೆ. ಹುಕ್ಕೇರಿ ತಾಲ್ಲೂಕಿನ ಸಂಕೇಶ್ವರದಿಂದ ಆಜರಾ, ಅಂಬೋಲಿ ಘಾಟಿನ ದಾರಿ ಹಿಡಿದು ಇಳಿದರೆ ಸಿಗುವ ಸಾವಂತವಾಡಿಯಲ್ಲಿ ಹೆಸರಾದದ್ದು ಪಂಗಾರ, ಅಂದರೆ ನಮ್ಮ ಹಾಲಿವಾಣ. ಎಲೆಬಳ್ಳಿಯ ತೋಟಗಳಲ್ಲಿ ಬಳ್ಳಿಗೆ ಆಸರೆಯಾಗಿ ನೆಡುವ, ಕೆಂಪು ಹೂವಿನ ಮುಳ್ಳುಮರ ಇದು. ಬಾಗಿಲು, ಕಂಬ, ಕುಂಟೆ ಮಾಡಲು ಬಡಗಿ ಇಂಥ ಮರಗಳನ್ನು ಮುಟ್ಟುವುದಿಲ್ಲ. ಗಟ್ಟಿತನವೇ ಬೇಕಾದಲ್ಲಿ ಇವು ನಿಷ್ಪ್ರಯೋಜಕ. ಆದರೆ ಗಿಳಿಯ ಮೂಗು, ಬಾಳೆಯ ತೊಟ್ಟು, ದೇವಿಯ ಬೆರಳು ಕೆತ್ತಬೇಕಾದಾಗ ಅಲಗಿಗೆ ತಕ್ಷಣ ಒಲಿಯುವ, ಎಳೆ ಸೀಳದ, ಒಣಗಿದ ಮೇಲೆ ಬಿರುಕು ಬಿಡದ ಮೆದು ಕಟ್ಟಿಗೆಯೇ ಬೇಕು.

ಮೊದಲ ಕೆಲಸ ಒಣಗಿಸುವುದು. ಹಸಿ ಕಟ್ಟಿಗೆಯಲ್ಲಿ ಕೆತ್ತಿದ ಗೊಂಬೆ ತಿಂಗಳೊಪ್ಪತ್ತಿನಲ್ಲಿ ಸೊಟ್ಟಗಾಗುತ್ತದೆ. ಉಳಿದ ನೀರು ಮತ್ತು ಮರದ ರಸ ಹುಳುವನ್ನೂ ಕರೆಯುತ್ತವೆ. ಗೊಂಬೆಗಾರರು ತುಂಡುಗಳನ್ನು ನೆರಳಿನಲ್ಲಿ ಒಣಗಿಸಿ, ಕೆಲವು ಕಡೆ ಸಣ್ಣ ಉರಿಯಲ್ಲಿ ಕಾಯಿಸಿ, ತೇವವನ್ನು ಹೊರಗೆ ಹಾಕುತ್ತಾರೆ. ಮಾದರಿ ವಿಮಾನ ಕಟ್ಟುವವರು ಬಾಲ್ಸಾ ಹಲಗೆಯನ್ನು ಬೆಳಕಿಗೆ ಹಿಡಿದು ನೋಡುವುದು, ಬೆರಳಿನಿಂದ ಒತ್ತಿ ನೋಡುವುದು, ಒಂದೇ ಅಳತೆಯ ಎರಡು ಹಲಗೆಗಳನ್ನು ತಕ್ಕಡಿಯಲ್ಲಿ ತೂಗುವುದು ಇದೇ ಪರೀಕ್ಷೆಯ ಇನ್ನೊಂದು ರೂಪ. ಎಡ ರೆಕ್ಕೆ ಬಲ ರೆಕ್ಕೆಗಿಂತ ಭಾರವಾದರೆ ವಿಮಾನ ನೇರ ಹಾರದು.

ಕೊಯ್ಯುವುದು, ಉಜ್ಜುವುದು

ಗೊಂಬೆಗಾರನ ಚೀಲದಲ್ಲಿ ಇರುವುದು ಬಾಚಿ, ಸಣ್ಣ ಗರಗಸ, ಅಗಲದಿಂದ ಹಿಡಿದು ಚೂಪಿನವರೆಗಿನ ನಾಲ್ಕಾರು ಉಳಿಗಳು, ಕೊಡತಿ, ಒಂದೆರಡು ಅರ. ಬಾಚಿಯಿಂದ ದಿಮ್ಮಿಯ ಒರಟು ರೂಪ, ಉಳಿಯಿಂದ ಮುಖ-ಮೂಗು, ಅರದಿಂದ ನಯ. ವಿಮಾನದ ಕಿಟ್ ಕಟ್ಟುವವನ ಮೇಜಿನ ಮೇಲೆ ಬಾಚಿಗೆ ಕೆಲಸವಿಲ್ಲ. ಭಾಗಗಳು ಆಗಲೇ ಹೊರಗೆರೆಯಾಗಿ ಬಂದಿರುತ್ತವೆ. ಅವನಿಗೆ ಬೇಕಾದದ್ದು ಪೆನ್ನಿನಂತೆ ಹಿಡಿಯಬಹುದಾದ, ಅಲಗು ಬದಲಿಸಬಹುದಾದ ಚಾಕು, ಉಕ್ಕಿನ ಪಟ್ಟಿ, ಕೆಳಗೆ ಹಾಸಲು ಒಂದು ಹಲಗೆ, ಅಂಟು ಒಣಗುವ ತನಕ ಹಿಡಿದಿಡಲು ಗುಂಡುಸೂಜಿ ಮತ್ತು ಬಟ್ಟೆ ಒಣಹಾಕುವ ಕ್ಲಿಪ್ಪುಗಳು, ಸಣ್ಣ ಭಾಗ ಎತ್ತಲು ಚಿಮಟ.

ಅಲಗಿನ ವಿಷಯದಲ್ಲಿ ಎರಡೂ ಕಸುಬಿನವರು ಹೇಳುವ ಮಾತು ಒಂದೇ. ಹರಿತವಾದ ಅಲಗಿಗಿಂತ ಮೊಂಡ ಅಲಗು ಅಪಾಯ. ಮೊಂಡ ಅಲಗಿಗೆ ಬಲ ಹಾಕಬೇಕಾಗುತ್ತದೆ. ಬಲ ಹಾಕಿದ ಕೈ ಜಾರುತ್ತದೆ. ಹಲಗೆಯನ್ನು ಒಂದೇ ಏಟಿಗೆ ಕೊಯ್ಯದೆ ಮೂರು ನಾಲ್ಕು ಸಲ ಹಗುರವಾಗಿ ಗೀರಬೇಕು. ಕೊಯ್ಯುವ ದಿಕ್ಕು ಮೈಯಿಂದ ಹೊರಕ್ಕೆ ಇರಬೇಕು. ಇನ್ನೊಂದು ಕೈಯ ಬೆರಳು ಅಲಗಿನ ಹಾದಿಯಲ್ಲಿ ಇರಕೂಡದು. ಕಟ್ಟಿಗೆಯ ಎಳೆಯನ್ನೂ ಗಮನಿಸಬೇಕು. ರೆಕ್ಕೆಯ ಉದ್ದಕ್ಕೆ ಎಳೆ ಹರಿದರೆ ರೆಕ್ಕೆ ಭಾರ ತಡೆಯುತ್ತದೆ. ಅಡ್ಡಕ್ಕೆ ಹರಿದರೆ ಬೆರಳ ಒತ್ತಿಗೇ ಮುರಿಯುತ್ತದೆ.

ಉಜ್ಜುವುದಕ್ಕೆ ಈಗ ಅಂಗಡಿಯಲ್ಲಿ ಸಂಖ್ಯೆಯ ಪ್ರಕಾರ ಕಾಗದ ಸಿಗುತ್ತದೆ. ಸಂಖ್ಯೆ ಹೆಚ್ಚಿದಷ್ಟೂ ಹರಳು ಸಣ್ಣ. 120ರಿಂದ ಆರಂಭಿಸಿ, 240ಕ್ಕೆ ಬಂದು, 400ರಲ್ಲಿ ಮುಗಿಸುವುದು ವಾಡಿಕೆ. ಕಾಗದವನ್ನು ಬೆರಳಿಗೆ ಸುತ್ತಿ ಉಜ್ಜಿದರೆ ಬೆರಳಿನ ಆಕಾರದ ತಗ್ಗು ಬೀಳುತ್ತದೆ. ಚಪ್ಪಟೆ ಕಟ್ಟಿಗೆಯ ತುಂಡಿಗೆ ಅಂಟಿಸಿ ಉಜ್ಜಬೇಕು. ಬಾಲ್ಸಾ ದೂಳು ಬಲು ಸಣ್ಣದು. ಮೂಗಿಗೆ ಬಟ್ಟೆ ಕಟ್ಟಿಕೊಳ್ಳುವುದು ಒಳ್ಳೆಯದು.

ಅಂಟಿನ ಕಥೆ

ಗೋಕಾಕಕ್ಕೂ ಅಂಟಿಗೂ ಹಳೆಯ ನಂಟು. ಕರದಂಟು ಎಂದರೆ ಕರಿದ ಅಂಟು. ಮರದ ಅಂಟನ್ನು ತುಪ್ಪದಲ್ಲಿ ಅರಳಿಸಿ ಬೆಲ್ಲ, ಒಣಹಣ್ಣುಗಳ ಜೊತೆ ಕೂಡಿಸಿದ ತಿನಿಸು. ಗೊಂಬೆಯ ಅಂಟು ಬೇರೆ. ಹಗುರ ಕಟ್ಟಿಗೆಯ ಗೊಂಬೆಗಾರರೆಲ್ಲ ನಂಬಿದ್ದು ಹುಣಸೆ ಬೀಜವನ್ನು. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಕುದಿಸಿದರೆ ಗಟ್ಟಿ ಸರಿ ಸಿದ್ಧ. ಉತ್ತರ ಕರ್ನಾಟಕದಲ್ಲಿ ಕಂಬಳಿ ನೇಯುವ ಕುರುಬರು ಉಣ್ಣೆಯ ನೂಲಿಗೆ ಹಚ್ಚುವ ಗಂಜಿಯೂ ಇದೇ. ಹೆಚ್ಚು ಖರ್ಚಿಲ್ಲದ, ಊರಲ್ಲೇ ಸಿಗುವ ವಸ್ತು.

ಕೈ, ಕಾಲು, ಕಿರೀಟಗಳನ್ನು ಬೇರೆ ಬೇರೆ ಕೆತ್ತಿ ಆಮೇಲೆ ಅಂಟಿಸುವುದು ಈ ಗೊಂಬೆಗಳ ಕ್ರಮ. ಒಂದೇ ದಿಮ್ಮಿಯಲ್ಲಿ ಚಾಚಿದ ಕೈ ಕೆತ್ತಿದರೆ ಎಳೆ ಅಡ್ಡವಾಗಿ ಕೈ ಮುರಿಯುತ್ತದೆ. ಜೊತೆಗೆ ಕಟ್ಟಿಗೆಯೂ ವ್ಯರ್ಥ. ಹಾಗೆ ನೋಡಿದರೆ ಪ್ರತಿ ಗೊಂಬೆಯೂ ಒಂದು ‘ಕಿಟ್’ ಆಗಿಯೇ ಹುಟ್ಟುತ್ತದೆ. ವ್ಯತ್ಯಾಸವೆಂದರೆ ಅದರ ಭಾಗಗಳನ್ನು ಕಡಿದವನೂ ಜೋಡಿಸುವವನೂ ಒಬ್ಬನೇ.

ಇಂದಿನ ಮಾದರಿಗೆ ಕಟ್ಟಿಗೆ ಜೋಡಿಸಲು ಬಡಗಿಗಳು ಬಳಸುವ ಬಿಳಿ ಅಂಟು ಸಾಕು. ಅದನ್ನು ತೆಳ್ಳಗೆ ಹಚ್ಚಿ, ಗುಂಡುಸೂಜಿಯಿಂದ ಹಿಡಿದಿಟ್ಟು, ಒಂದು ರಾತ್ರಿ ಬಿಡಬೇಕು. ಹೆಚ್ಚು ಹಚ್ಚಿದರೆ ಹೆಚ್ಚು ಗಟ್ಟಿ ಎಂಬ ನಂಬಿಕೆ ತಪ್ಪು; ಉಳಿದ ಅಂಟು ತೂಕವಷ್ಟೇ. ಪ್ಲಾಸ್ಟಿಕ್ ಕಿಟ್ಟಿನ ಅಂಟಿನದು ಬೇರೆ ಬಗೆ. ಅದು ಪ್ಲಾಸ್ಟಿಕ್ಕಿನ ಎರಡೂ ಅಂಚನ್ನು ಸ್ವಲ್ಪ ಕರಗಿಸಿ ಒಂದಾಗಿ ಬೆಸೆಯುತ್ತದೆ. ಆದ್ದರಿಂದಲೇ ಒಂದು ಹನಿ ತಪ್ಪಿ ಬಿದ್ದರೂ ಅಲ್ಲಿ ಕಲೆ ಶಾಶ್ವತ. ಇಂಥ ಅಂಟನ್ನು ಥರ್ಮೊಕೋಲಿಗೆ ಹಚ್ಚಿದರೆ ಥರ್ಮೊಕೋಲೇ ಕರಗಿ ಮಾಯವಾಗುತ್ತದೆ. ಅದಕ್ಕೆ ಬಿಳಿ ಅಂಟೇ ಸರಿ. ಕ್ಷಣದಲ್ಲಿ ಹಿಡಿಯುವ ಸಣ್ಣ ಕೊಳವೆಯ ಅಂಟು ಚರ್ಮವನ್ನೂ ಅಷ್ಟೇ ಬೇಗ ಹಿಡಿಯುತ್ತದೆ. ಅದನ್ನು ಮಕ್ಕಳ ಕೈಗೆ ಕೊಡಬಾರದು.

ಲೇಪ, ಬಣ್ಣ, ಕಾಗದದ ಹೊದಿಕೆ

ಕಿನ್ನಾಳದಲ್ಲಿ ‘ಕಿಟ್ಟ’ ಎಂಬ ಲೇಪವಿದೆ. ಸೆಣಬಿನ ಚಿಂದಿಯನ್ನು ನೆನೆಸಿ, ಕತ್ತರಿಸಿ, ಒಣಗಿಸಿ, ಪುಡಿ ಮಾಡಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನೊಡನೆ ಕಲಸಿದ್ದು. ಕಿಟ್ಟವನ್ನು ಗೊಂಬೆಯ ಮೈಗೆಲ್ಲ ಬಳಿದು, ಅದರ ಮೇಲೆ ಹತ್ತಿಯ ಸಣ್ಣ ಚೂರುಗಳನ್ನು ಅಂಟಿಸಿ, ಮತ್ತೆ ಬೆಣಚುಕಲ್ಲಿನ ಪುಡಿಯ ತೆಳು ಲೇಪ ಕೊಟ್ಟ ಮೇಲೆಯೇ ಬಣ್ಣ. ಕೊಂಡಪಲ್ಲಿಯಲ್ಲಿ ಹುಣಸೆ ಬೀಜದ ಪುಡಿ ಮತ್ತು ಮರದ ಹೊಟ್ಟಿನ ‘ಮಕ್ಕು’ ಇದೇ ಕೆಲಸ ಮಾಡುತ್ತದೆ. ಅದರ ಮೇಲೆ ಸುಣ್ಣ. ಲೇಪದ ಉದ್ದೇಶ ಮೂರು. ಸಂದು ಮುಚ್ಚುವುದು, ಮರ ಬಣ್ಣ ಕುಡಿಯದಂತೆ ತಡೆಯುವುದು, ಬಣ್ಣಕ್ಕೆ ಬಿಳಿಯ ನೆಲ ಒದಗಿಸುವುದು. ಮಾದರಿ ವಿಮಾನ ಕಟ್ಟುವವರು ‘ಪುಟ್ಟಿ’ ತುಂಬಿ, ಉಜ್ಜಿ, ‘ಪ್ರೈಮರ್’ ಹೊಡೆಯುವುದು ಇದೇ ಮೂರು ಕಾರಣಕ್ಕೆ. ಅವಸರದವರು ಈ ಹಂತವನ್ನೇ ಬಿಡುತ್ತಾರೆ. ಕೊನೆಗೆ ಬಣ್ಣ ಬಳಿದಾಗ ಸಂದುಗಳೆಲ್ಲ ಎದ್ದು ಕಾಣುತ್ತವೆ.

ಹಾರುವ ಮಾದರಿಗೆ ಒಂದು ಹಂತ ಹೆಚ್ಚು. ಕಟ್ಟಿಗೆಯ ಪಕ್ಕೆಲುಬುಗಳ ರೆಕ್ಕೆಗೆ ತೆಳುವಾದ ಕಾಗದ ಹೊದಿಸಬೇಕು. ಗಾಳಿಪಟದ ಕಾಗದವೂ ನಡೆಯುತ್ತದೆ. ಅಂಟಿಸಿದ ಕಾಗದದ ಮೇಲೆ ನೀರು ಚಿಮುಕಿಸಿದರೆ ಮೊದಲು ಸಡಿಲಾಗಿ, ಒಣಗುತ್ತ ಬಿಗಿಯುತ್ತದೆ. ಹಲಗೆ ಬಾರಿಸುವವರು ಚರ್ಮವನ್ನು ಬೆಂಕಿಗೆ ಹಿಡಿದು ಬಿಗಿ ಮಾಡಿಕೊಳ್ಳುವುದನ್ನು ಕಂಡವರಿಗೆ ಇದು ಹೊಸದೆನಿಸದು. ಕೊನೆಗೆ ತೂಕ ನೋಡಬೇಕು. ರೆಕ್ಕೆಯ ಮುಂದಿನ ಅಂಚಿನಿಂದ ಅದರ ಅಗಲದ ಸುಮಾರು ಮೂರನೆಯ ಒಂದು ಭಾಗದಲ್ಲಿ ಎರಡು ಬೆರಳಿಟ್ಟು ಎತ್ತಿದಾಗ ವಿಮಾನ ಸಮನಾಗಿ ನಿಲ್ಲಬೇಕು. ಬಾಲ ಕುಸಿದರೆ ಮೂಗಿಗೆ ಒಂದಿಷ್ಟು ಮೇಣವೋ ಮಣ್ಣೋ ಮೆತ್ತಿದರಾಯಿತು.

ಆಟಿಕೆ ಎಂದು ಹಗುರವಾಗಿ ಕಾಣುವಂತಿಲ್ಲ

1871ರಲ್ಲಿ ಫ್ರಾನ್ಸಿನ ಆಲ್ಫೋನ್ಸ್ ಪೆನೊ ಎಂಬ ತರುಣ ರಬ್ಬರ್ ಪಟ್ಟಿ ತಿರುಚಿ ಹಾರಿಸುವ ಪುಟ್ಟ ವಿಮಾನವನ್ನು ಪ್ಯಾರಿಸಿನ ತೋಟವೊಂದರಲ್ಲಿ 11 ಸೆಕೆಂಡು ಹಾರಿಸಿ ತೋರಿಸಿದ. 1878ರಲ್ಲಿ ಅಮೆರಿಕದ ಪಾದ್ರಿಯೊಬ್ಬರು ತಮ್ಮ ಇಬ್ಬರು ಮಕ್ಕಳಿಗೆ ಪೆನೊ ಮಾದರಿಯ, ಬಿದಿರು-ಕಾಗದ-ಬೆಂಡಿನ ಹಾರುವ ಆಟಿಕೆ ತಂದುಕೊಟ್ಟರು. ಮಕ್ಕಳು ಅದು ಮುರಿಯುವವರೆಗೆ ಆಡಿ, ಆಮೇಲೆ ತಾವೇ ಇನ್ನೊಂದು ಮಾಡಿಕೊಂಡರು. ಆ ಮಕ್ಕಳು ವಿಲ್ಬರ್ ಮತ್ತು ಆರ್ವಿಲ್ ರೈಟ್. ಅವರು 1903ರಲ್ಲಿ ಮನುಷ್ಯರನ್ನು ಹೊತ್ತ ವಿಮಾನ ಹಾರಿಸಿದರು.

1942ರಲ್ಲಿ ಅಮೆರಿಕದ ನೌಕಾಪಡೆ ಶಾಲಾ ಮಕ್ಕಳಿಂದ 5 ಲಕ್ಷ ಮರದ ಮಾದರಿ ವಿಮಾನಗಳನ್ನು ಬೇಡಿತು. ಆಕಾಶದಲ್ಲಿ ಕಾಣುವ ವಿಮಾನ ಶತ್ರುವಿನದೋ ಮಿತ್ರನದೋ ಎಂದು ಸೈನಿಕರು ಗುರುತು ಹಿಡಿಯಲು ಕಲಿಯಬೇಕಿತ್ತು. ಅಳತೆ 72ಕ್ಕೆ 1. ಅಂದರೆ ನಿಜವಾದ 6 ಅಡಿಗೆ ಮಾದರಿಯಲ್ಲಿ 1 ಅಂಗುಲ. 35 ಅಡಿ ದೂರದಲ್ಲಿ ತೂಗುಹಾಕಿದ ಆ ಮಾದರಿ, ಅರ್ಧ ಮೈಲಿ ಆಚೆಯ ನಿಜ ವಿಮಾನದಂತೆಯೇ ಕಾಣುತ್ತದೆ. ಇಂದಿಗೂ ಕಿಟ್ಟುಗಳಲ್ಲಿ ಹೆಚ್ಚು ಬಳಕೆಯಲ್ಲಿರುವ ಅಳತೆಗಳಲ್ಲಿ ಇದೂ ಒಂದು. ಡಾ. ವಿ.ಎಂ. ಘಾಟಗೆ ಅವರ ನೇತೃತ್ವದಲ್ಲಿ ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ರೂಪುಗೊಂಡು 1951ರಲ್ಲಿ ಮೊದಲು ಹಾರಿದ ‘ಎಚ್.ಟಿ.-2’ ತರಬೇತಿ ವಿಮಾನದ ರೆಕ್ಕೆಗಳ ಉದ್ದ 10.72 ಮೀಟರ್. ಈ ಅಳತೆಯಲ್ಲಿ ಅದು ಸುಮಾರು 15 ಸೆಂಟಿಮೀಟರ್ ಆಗುತ್ತದೆ, ಬೊಗಸೆಯಲ್ಲಿ ಹಿಡಿಯುವಷ್ಟು.

ಪ್ಲಾಸ್ಟಿಕ್ ಕಿಟ್ ಬಂದದ್ದು 1936ರಲ್ಲಿ, ಬ್ರಿಟನ್ನಿನ ‘ಫ್ರಾಗ್’ ಕಂಪನಿಯಿಂದ. 1950ರ ದಶಕದಲ್ಲಿ ಅದು ಅಗ್ಗವಾಗಿ ಮನೆಮನೆ ಹೊಕ್ಕಿತು. ಅಲ್ಲಿಂದ ಕೆತ್ತುವ ಕೆಲಸ ಕಾರ್ಖಾನೆಯ ಅಚ್ಚಿಗೆ ಹೋಯಿತು. ಹುಡುಗರಿಗೆ ಉಳಿದದ್ದು ಜೋಡಣೆ ಮತ್ತು ಬಣ್ಣ. ಇದರಿಂದ ಲಾಭವೂ ಆಗಿದೆ. ಕೆತ್ತಲು ಬಾರದವನೂ ಅಂದವಾದ ವಿಮಾನ ಮಾಡಬಲ್ಲ. ಆದರೆ ಭಾಗವೊಂದು ಕಳೆದರೆ ಅಥವಾ ಮುರಿದರೆ ಅವನ ಕೈ ಕಟ್ಟಿದಂತೆ. ಉಳಿ ಹಿಡಿದು ಕಲಿತವನಿಗೆ ಆ ಚಿಂತೆಯಿಲ್ಲ. ಕಳೆದುಹೋದ ಭಾಗವನ್ನು ತಾನೇ ಕೆತ್ತಿಕೊಳ್ಳುತ್ತಾನೆ.

ಕಸುಬು ಉಳಿಯಬೇಕಾದರೆ

ಗೊಂಬೆ ಕಸುಬಿನ ಬಿಕ್ಕಟ್ಟೂ ಇಲ್ಲಿಯೇ ಇದೆ. ಜನ ಕೊಳ್ಳುವುದಿಲ್ಲ, ಪ್ಲಾಸ್ಟಿಕ್ ಬಂತು ಎಂಬುದು ಎಲ್ಲರೂ ಹೇಳುವ ಕಾರಣ. ಅದು ನಿಜ. ಅದರ ಹಿಂದೆ ಅಷ್ಟಾಗಿ ಕಾಣದ ಇನ್ನೊಂದು ಕಾರಣವಿದೆ. ಕಿನ್ನಾಳದಲ್ಲಿ ಪೊಲ್ಕಿ, ಕೊಂಡಪಲ್ಲಿಯಲ್ಲಿ ಪೊಣಿಕಿ ಸಿಗುವುದೇ ಕಷ್ಟವಾಗಿದೆ. ಬಾಗಿಲು-ಕಂಬಕ್ಕೆ ಬಾರದ ಮರವೆಂದು ಅದನ್ನು ನೆಟ್ಟು ಬೆಳೆಸುವವರು ಕಡಿಮೆ. ಬೇಲಿಗಳು ತಂತಿಯವಾದವು, ಬೇಲಿಯ ಮರಗಳು ಹೋದವು. ಕಿನ್ನಾಳ, ಚನ್ನಪಟ್ಟಣದ ಗೊಂಬೆಗಳಿಗೆ ಭೌಗೋಳಿಕ ಗುರುತು ದೊರೆತಿದೆ. ಗುರುತಿನ ಚೀಟಿ ಹೆಸರನ್ನು ಕಾಪಾಡುತ್ತದೆ. ಗೊಂಬೆ ಕೆತ್ತಲು ಮರವೇ ಬೇಕು. ಉಳಿ, ಅರ, ಕುಂಚ ಎಂದಾದರೂ ಕೊಳ್ಳಬಹುದು. ಮರ ಬೆಳೆಯಲು ವರ್ಷಗಳು ಬೇಕು. ಯಾವ ಮರ, ಎಷ್ಟು ಒಣಗಿಸಬೇಕು, ಅಂಟು ಯಾವ ಹದಕ್ಕೆ ಬರಬೇಕು ಎಂಬ ತಿಳಿವಳಿಕೆ ಒಂದು ತಲೆಮಾರು ಕೈಬಿಟ್ಟರೆ ಮತ್ತೆ ಸಿಗುವುದು ಕಷ್ಟ.

ಹಾಗೆಂದು ಈ ಸೀಮೆಯ ಮಕ್ಕಳ ಕೈ ಮರೆತುಬಿಟ್ಟಿಲ್ಲ. ಗೋಕಾಕ, ಹಿಂದೆ ಗೋಕಾಕ ತಾಲ್ಲೂಕಿಗೇ ಸೇರಿದ್ದು ಈಗ ತಾನೇ ತಾಲ್ಲೂಕಾಗಿರುವ ಮೂಡಲಗಿ, ಮತ್ತು ಹುಕ್ಕೇರಿಯ ಹಳ್ಳಿಗಳಲ್ಲಿ ಮಣ್ಣೆತ್ತಿನ ಅಮಾವಾಸ್ಯೆ ಬಂತೆಂದರೆ ಕರಿಮಣ್ಣು ಕಲಸಿ ಎತ್ತು ಮಾಡುತ್ತಾರೆ. ಅದಕ್ಕೆ ಗೋದಲಿಯನ್ನೂ ಮಾಡುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಣ್ಣಿನ ಗುಳ್ಳವ್ವನನ್ನು ಮಾಡಿ ಪೂಜಿಸುತ್ತಾರೆ. ಮಣ್ಣನ್ನು ಹದ ಮಾಡುವುದು, ಕಾಲು ಮುರಿಯದಂತೆ ದಪ್ಪ ಇಡುವುದು, ನೆರಳಲ್ಲಿ ಒಣಗಿಸುವುದು ಇವೆಲ್ಲ ಮಾದರಿ ಕಟ್ಟುವ ವಿದ್ಯೆಯ ಮೊದಲ ಪಾಠಗಳೇ. ಅಲ್ಲಿಂದ ಮೆದು ಕಟ್ಟಿಗೆಗೆ, ಕಟ್ಟಿಗೆಯಿಂದ ರೆಕ್ಕೆಗೆ ಬಹಳ ದೂರವಿಲ್ಲ.

ಮಗನೋ ಮಗಳೋ ವಿಮಾನ ಕಟ್ಟುತ್ತೇನೆಂದು ಹಟ ಹಿಡಿದರೆ ದುಬಾರಿ ಪೆಟ್ಟಿಗೆಯನ್ನೇ ತರಬೇಕೆಂದಿಲ್ಲ. ಒಣಗಿದ ಹಾಲಿವಾಣದ ತುಂಡು, ಹರಿತವಾದ ಚಾಕು, ಮೂರು ಬಗೆಯ ಉಜ್ಜುವ ಕಾಗದ, ಬಡಗಿಯ ಬಿಳಿ ಅಂಟು, ಒಂದು ಹಾಳೆ ಗಾಳಿಪಟದ ಕಾಗದ, ಹತ್ತಿರ ಕುಳಿತು ನೋಡಿಕೊಳ್ಳುವ ಹಿರಿಯರೊಬ್ಬರು ಇದ್ದರೆ ಆರಂಭಕ್ಕೆ ಸಾಕು. ಗೋಕಾಕದಲ್ಲಿ ಗೊಂಬೆಯ ಕೆಲಸ ಬಲ್ಲವರ ಬಳಿ ಒಂದು ಮಧ್ಯಾಹ್ನ ಕೂಡಿಸಿದರೆ ಇನ್ನೂ ಒಳ್ಳೆಯದು. ಕಟ್ಟಿಗೆಯನ್ನು ಯಾವ ಕಡೆಯಿಂದ ಕೊಯ್ಯಬೇಕೆಂಬುದನ್ನು ಯಾವ ಪೆಟ್ಟಿಗೆಯ ಚೀಟಿಗಿಂತಲೂ ಅವರು ಚೆನ್ನಾಗಿ ತೋರಿಸಿಕೊಡಬಲ್ಲರು. ಮನೆಯ ಹಿತ್ತಲಿನಲ್ಲಿ ಜಾಗವಿದ್ದರೆ ಹಾಲಿವಾಣದ ಒಂದು ಕೊಂಬೆ ಊರಿ ನೀರು ಹಾಕಬಹುದು. ಅದು ಸುಲಭವಾಗಿ ಚಿಗುರುವ ಮರ.